ಸದ್ದಿಲ್ಲದೆ ಇಳಿದ ಗಾಡಿ

ನನ್ನ ಗಾಡಿಯ ಸದ್ದು ನನಗಿಂತ ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು. ನಾನು ಎಸ್ಟೇಟಿನ ಗೇಟು ದಾಟಿ ಇಳಿಜಾರು ಹಿಡಿದರೆ ಸಾಕು, ಅವಳು ಅಡುಗೆಮನೆಯಲ್ಲಿ ಕೂತೇ ತಿರುವುಗಳನ್ನು ಎಣಿಸುತ್ತಿದ್ದಳು. ಗೇಟಿನಿಂದ ನಮ್ಮ ಮನೆಗೆ ಐದು ತಿರುವು. ಎರಡನೆಯದರಲ್ಲಿ ಗೇರು ಇಳಿಸಿದ ಸದ್ದು ಕೇಳಿದರೆ ಹೆಂಚು ಒಲೆಯ ಮೇಲೆ, ನಾಲ್ಕನೆಯದಕ್ಕೆ ರೊಟ್ಟಿ ಹೆಂಚಿನ ಮೇಲೆ. ನಾನು ಕೈಕಾಲು ತೊಳೆದು ಕೂರುವ ಹೊತ್ತಿಗೆ ಬಿಸಿ ಅಕ್ಕಿರೊಟ್ಟಿ ತಟ್ಟೆಗೆ ಬಿದ್ದಿರುತ್ತಿತ್ತು. ಇದನ್ನು ನಾನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೇ ಹೌದು. ಆದರೆ ಅದರಲ್ಲಿ ಅರ್ಧಪಾಲು ಭಯ ಇತ್ತು ಅನ್ನುವುದು ಈ ಮಂದಬುದ್ಧಿಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ತೊಂಬತ್ತರ ದಶಕದ ಕೊನೆಯ ಮಾತು. ಹೆತ್ತೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ರೈಟರ್ ಅಂದರೆ ಕತೆ ಕಾದಂಬರಿ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವವನು, ಯಾವ ಬ್ಲಾಕಿನಲ್ಲಿ ಎಷ್ಟು ಜನ ಚಿಗುರು ತೆಗೆದರು ಎಂದು ಪುಸ್ತಕದಲ್ಲಿ ಬರೆದಿಡುವವನು, ಮಾಲೀಕರ ಪರವಾಗಿ ಕಾಗದ ಪತ್ರ ಗೀಚುವವನು. ಯಾರಿಗೂ ನೋವಾಗದ ಹಾಗೆ, ಯಾರ ಮುಂದೆಯೂ ಏನನ್ನೂ ಒಪ್ಪಿಕೊಳ್ಳದ ಹಾಗೆ ಒಂದು ವಾಕ್ಯ ಬರೆಯುವುದರಲ್ಲಿ ನನ್ನ ಕೈ ಪಳಗಿತ್ತು. ಆ ಪಳಗಿದ ಕೈಯೇ ಮುಂದೆ ನನ್ನ ಮನೆಗೆ ಕಂಟಕವಾಯಿತು.

ನಾನು ಹುಟ್ಟಿದ್ದು ಆಲೂರು ತಾಲ್ಲೂಕಿನ ಪಾಳ್ಯದ ಹತ್ತಿರ, ಗದ್ದೆ ಮತ್ತು ರಾಗಿಯ ಮನೆಯಲ್ಲಿ. ನಮ್ಮಪ್ಪ ಸೈಕಲ್ಲಿಗಿಂತ ಮೇಲಿನ ಯಾವುದನ್ನೂ ಏರಿದವನಲ್ಲ. ಅಂಥವನ ಮಗನಿಗೆ ಗಾಡಿಯ ಹುಚ್ಚು ಎಲ್ಲಿಂದ ಹತ್ತಿತೋ ಗೊತ್ತಿಲ್ಲ. ಸಿಕ್ಕಿದ್ದು ಮಾತ್ರ ಎಸ್ಟೇಟಿನ ಸ್ಟೋರಿನಲ್ಲಿ, ಕಾಫಿ ಮೂಟೆ ಪೇರಿಸುವ ಜಾಗದ ಹಿಂದೆ, ಹರಕು ಗೋಣಿಚೀಲಗಳ ಕೆಳಗೆ. ಎರಡು ಸಿಲಿಂಡರಿನ, ಮುನ್ನೂರೈವತ್ತು ಸಿ.ಸಿ.ಯ ಟೂ-ಸ್ಟ್ರೋಕ್ ಬೈಕು. ಮಾಲೀಕರ ಮಗ ಕಾಲೇಜಿನ ದಿನಗಳಲ್ಲಿ ಅದರಲ್ಲಿ ರೇಸು ಹೊಡೆದಿದ್ದನಂತೆ. ಆಮೇಲೆ ಅವನಿಗೆ ಕಾರು ಬಂತು, ಬೈಕು ಗೋಣಿಯ ಕೆಳಗೆ ಹೋಯಿತು. ನಾನು ನೋಡುವಾಗ ಸೀಟನ್ನು ಇಲಿ ತಿಂದಿತ್ತು, ಸೈಲೆನ್ಸರಿನ ಬಾಯಲ್ಲಿ ಕಣಜ ಗೂಡು ಕಟ್ಟಿತ್ತು.

"ಎತ್ಕೊಂಡೋಗ್ರಿ ರೈಟ್ರೇ, ಜಾಗನಾದ್ರೂ ಖಾಲಿ ಆಗ್ಲಿ" ಅಂದರು ಮಾಲೀಕರು. ಕಸ ಸಾಗಹಾಕಿದ ನೆಮ್ಮದಿ ಅವರಿಗೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅದನ್ನು ಎಬ್ಬಿಸಲು ಒಂದು ವರ್ಷದ ಭಾನುವಾರಗಳೆಲ್ಲ ಹೋದವು. ಸಕಲೇಶಪುರದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ, ನನಗಿಂತ ಹತ್ತು ವರ್ಷ ದೊಡ್ಡವನು, ಸದಾ ಬೈಯುತ್ತಲೇ ಕೆಲಸ ಮಾಡುವವನು. ಆ ಬೈಕು ತಯಾರಾಗುವುದು ನಿಂತೇ ಎಷ್ಟೋ ವರ್ಷವಾಗಿತ್ತು. ಒಂದು ಪಿಸ್ಟನ್ ರಿಂಗಿಗೆ ಮೈಸೂರಿಗೆ ಹೋಗಬೇಕು, ಕಾರ್ಬೊರೇಟರಿನ ಸೂಜಿಗೆ ಬೆಂಗಳೂರಿನ ಗುಜರಿ ಅಂಗಡಿ ಹುಡುಕಬೇಕು. ಸಿಕ್ಕಿದ ಸೂಜಿಯೂ ಸವೆದದ್ದೇ. ಹಾಗಾಗಿ ಎಂಜಿನ್ ನಿಲ್ಲಿಸಿದರೂ ಟ್ಯಾಂಕಿನಿಂದ ಪೆಟ್ರೋಲು ಇಳಿಯುತ್ತಲೇ ಇರುತ್ತಿತ್ತು. ಟ್ಯಾಂಕಿನ ಕೆಳಗೊಂದು ಕಾಕ್ ಇರುತ್ತದಲ್ಲ, ನಲ್ಲಿ ತಿರುಗಿಸಿದ ಹಾಗೆ ಅದನ್ನು ಮುಚ್ಚಿದರೆ ಮಾತ್ರ ಬಚಾವು.

"ಕೇಳು ಮಾರಾಯ" ಅಂದಿದ್ದ ಮೆಕ್ಯಾನಿಕ್, ಗಾಡಿಯನ್ನು ನನ್ನ ಕೈಗೆ ಕೊಡುವ ದಿನ. "ಗಾಡಿ ನಿಲ್ಸಿದ್ ತಕ್ಷಣ ಮೊದ್ಲು ಕಾಕ್ ಮುಚ್ಬೇಕು. ಮಿಕ್ಕಿದ್ದೆಲ್ಲ ಆಮೇಲೆ. ಮನೆಗೆ ಬೆಂಕಿ ಬಿದ್ದೈತೆ ಅಂದ್ರೂ ಕಾಕ್ ಮುಚ್ಬುಟ್ಟು ಓಡು."

ನಾನು ಆ ಮಾತನ್ನು ಮಂತ್ರದ ಹಾಗೆ ಪಾಲಿಸಿದೆ. ಒಂದೆರಡು ತಿಂಗಳಲ್ಲಿ ತಲೆಗೆ ಕೆಲಸವೇ ಇಲ್ಲದಂತಾಯಿತು. ಗಾಡಿ ನಿಂತರೆ ನನ್ನ ಎಡಗೈ ತಾನಾಗಿ ಟ್ಯಾಂಕಿನ ಕೆಳಗೆ ಹೋಗುತ್ತಿತ್ತು.

ಇಂಥ ಮುದಿ ಗಾಡಿಯನ್ನು ಯಾಕಯ್ಯಾ ಕಟ್ಟಿಕೊಂಡು ಏಗುತ್ತೀ ಎಂದು ಕೇಳದವರಿಲ್ಲ. ಅಷ್ಟು ಹೊತ್ತಿಗೆ ಬಟನ್ ಒತ್ತಿದರೆ ಸ್ಟಾರ್ಟ್ ಆಗುವ, ಒಂದು ಲೀಟರಿಗೆ ಸಕಲೇಶಪುರಕ್ಕೆ ಹೋಗಿ ಬಂದು ಮತ್ತೆ ಹೋಗುವಷ್ಟು ಓಡುವ ಹೊಸ ಬೈಕುಗಳು ನಮ್ಮ ಕಡೆಗೂ ಬಂದಿದ್ದವು. ಕೇಳಿದವರಿಗೆ ನಾನು ಏನೇನೋ ಹೇಳುತ್ತಿದ್ದೆ, ಪಿಕಪ್ಪು, ರಸ್ತೆ ಹಿಡಿತ ಇತ್ಯಾದಿ. ಅವೆಲ್ಲ ಸಬೂಬು. ನಿಜವೇನೆಂದರೆ ಹೊಸ ಗಾಡಿಗೆ ನಾನು ಬೇಕಾಗಿರಲಿಲ್ಲ. ಯಾರು ಕೂತರೂ ಅದು ಹೊರಡುತ್ತದೆ. ಇದಕ್ಕೆ ಹಾಗಲ್ಲ. ಕಾಕ್ ತೆರೆದು, ಚೋಕ್ ಎಳೆದು, ಎರಡು ಸಲ ಸುಮ್ಮನೆ ಕಿಕ್ಕರ್ ಒತ್ತಿ, ಮೂರನೆಯದಕ್ಕೆ ಮೈಭಾರವೆಲ್ಲ ಹಾಕಿ ಒದೆಯಬೇಕು. ಚಳಿ ಹೆಚ್ಚಿದ್ದರೆ ಇನ್ನೊಂದು ರೀತಿ, ಮಳೆಗಾಲಕ್ಕೆ ಮತ್ತೊಂದು. ಅದರ ಕೊಸರಾಟ ಗೊತ್ತಿದ್ದವನು ಆ ಇಡೀ ಸೀಮೆಯಲ್ಲಿ ನಾನೊಬ್ಬನೇ. ಮಾಲೀಕರು ಕುರ್ಚಿ ತೋರಿಸುವವರೆಗೆ ನಿಂತೇ ಇರಬೇಕಾದ ಮನುಷ್ಯನಿಗೆ ಇದು ಸಣ್ಣ ವಿಷಯವಲ್ಲ.

ಮತ್ತೆ ಆ ಓಟ. ಮೊದಮೊದಲು ಗೊಣಗುತ್ತಾ ಹೋಗುವ ಎಂಜಿನ್ ಒಂದು ಹದ ದಾಟಿದ ಕೂಡಲೇ ದನಿ ಬದಲಿಸಿ ಒಮ್ಮೆಲೇ ಎಳೆದುಕೊಂಡು ಹೋಗುತ್ತಿತ್ತು. ಹೊಟ್ಟೆ ಬೆನ್ನಿಗೆ ಅಂಟುತ್ತಿತ್ತು. ಆ ಎರಡು ನಿಮಿಷ ನಾನು ಯಾರ ರೈಟರೂ ಅಲ್ಲ, ಯಾರ ಅಳಿಯನೂ ಅಲ್ಲ, ಯಾರ ಅಪ್ಪನೂ ಅಲ್ಲ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುಳ್ಳು ಸಾಕಾಗಿದೆ.

ಮಗಳಿಗೆ ಒಂದೂವರೆ ವರ್ಷವಾಗಿದ್ದಾಗ ಬಿದ್ದೆ. ಡಿಸೆಂಬರಿನ ಸಂಜೆ, ರಸ್ತೆಯ ಮೇಲೆ ಸಿಲ್ವರ್ ಓಕ್ ಮರದ ಒಣ ಎಲೆ ಹಾಸಿತ್ತು, ಅದರ ಮೇಲೆ ಇಬ್ಬನಿ. ಮೂರನೇ ತಿರುವು ದಾಟುತ್ತಿದ್ದಂತೆ ಹಿಂದಿನ ಚಕ್ರ ಜಾರಿ ಗಾಡಿ ಒಂದು ಕಡೆ, ನಾನೊಂದು ಕಡೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಎಂಜಿನ್ ನಿಂತುಹೋಗಿತ್ತು. ಕಾಕ್ ಮುಚ್ಚಿ, ಮೋರಿಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದೆ. ಕೆಳಗಿನಿಂದ ನನ್ನ ಹೆಂಡತಿ ಬರಿಗಾಲಲ್ಲಿ ಓಡಿ ಬಂದಳು. ಕೈಯಲ್ಲಿ ಇನ್ನೂ ರೊಟ್ಟಿಯ ಹಿಟ್ಟಿತ್ತು. ಮೂರನೇ ತಿರುವಿನ ಸದ್ದು ಕೇಳಿತ್ತು, ನಾಲ್ಕನೆಯದು ಬಂದಿರಲಿಲ್ಲ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ ವಾಪಸ್ ಹೊರಟಳು.

ಮಾರನೇ ದಿನ ಬೆಳಿಗ್ಗೆ ಮಗಳನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು.

"ಮಗಿನ ತಲೆ ಮುಟ್ಟಿ ಹೇಳಿ" ಅಂದಳು. "ಆ ಗಾಡಿ ಬುಟ್ಬುಡ್ತೀನಿ ಅಂತ."

ನಮ್ಮ ಕಡೆ ದೇವರ ಮೇಲೆ ಆಣೆ ಇಟ್ಟು ತಪ್ಪಿದವರು ಬೇಕಾದಷ್ಟು ಮಂದಿ ಇದ್ದಾರೆ, ದೇವರಿಗೆ ತಪ್ಪುಕಾಣಿಕೆ ಕೊಟ್ಟರೆ ಆಯಿತು. ಮಕ್ಕಳ ತಲೆ ಮುಟ್ಟಿ ತಪ್ಪಿದರೆ ಅದಕ್ಕೆ ಕಾಣಿಕೆಯಿಲ್ಲ. ನಾನು ಮಗಳ ತಲೆಯ ಮೇಲೆ ಕೈಯಿಟ್ಟೆ. ಎಣ್ಣೆ ಹಚ್ಚಿದ ಮೆತ್ತನೆಯ ಕೂದಲು. ಆ ಕ್ಷಣದಲ್ಲೂ ನನ್ನೊಳಗಿನ ರೈಟರು ಸುಮ್ಮನಿರಲಿಲ್ಲ.

"ಇನ್ನು ಆ ಗಾಡೀನ ಮನೆಗೆ ತರಲ್ಲ" ಅಂದೆ.

ಅವಳು ಕೇಳಿದ್ದು ಬಿಡುತ್ತೇನೆ ಅನ್ನುವ ಮಾತು, ನಾನು ಕೊಟ್ಟದ್ದು ತರುವುದಿಲ್ಲ ಅನ್ನುವ ಮಾತು. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ನಂಬಿದಳು ಅಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ ಅನ್ನುವುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಗಾಡಿ ಮತ್ತೆ ಸ್ಟೋರಿಗೆ ಹೋಯಿತು. ಮಾರಿದೆ ಎಂದು ನಾನು ಹೇಳಲಿಲ್ಲ, ಮಾರಿರಬೇಕು ಎಂದು ಎಲ್ಲರೂ ತಿಳಿದುಕೊಂಡರು. ಎಸ್ಟೇಟಿನದೊಂದು ಮೊಪೆಡ್ ಇತ್ತು, ದಿನವೂ ಅದರಲ್ಲೇ ಹೋಗಿಬರತೊಡಗಿದೆ. ಹಾಜರಿ ಏಳೂವರೆಗೆ. ನಾನು ವಾರಕ್ಕೆರಡು ದಿನ ಐದೂವರೆಗೇ ಮೊಪೆಡ್ ಹತ್ತಿ, ಏನೋ ಕೆಲಸದ ನೆಪ ಹೇಳಿ ಮೇಲೆ ಹೋಗುತ್ತಿದ್ದೆ. ಸ್ಟೋರಿನ ಬಾಗಿಲು ತೆಗೆದು ಬೈಕನ್ನು ಹೊರಗೆ ತಳ್ಳುತ್ತಿದ್ದೆ.

ತೊಡಕು ಒಂದೇ. ಒಳ್ಳೆಯ ರಸ್ತೆ ಇದ್ದದ್ದು ಕೆಳಗಿನ ಹಳ್ಳದ ಸೇತುವೆಯ ಆಚೆ. ಅಲ್ಲಿಗೆ ಹೋಗಬೇಕಾದರೆ ನಮ್ಮ ಮನೆಯ ಮುಂದೆಯೇ ಹಾದುಹೋಗಬೇಕು. ಅದಕ್ಕೂ ದಾರಿ ಕಂಡುಕೊಂಡೆ. ನಮ್ಮ ಕಡೆ ಇಳಿಜಾರು ಬಂದರೆ ಪೆಟ್ರೋಲು ಉಳಿಸಲು ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಗಾಡಿ ಬಿಡುವ ಅಭ್ಯಾಸ ಎಲ್ಲರಿಗೂ ಇತ್ತು. ಗೇಟಿನಿಂದ ಸೇತುವೆಯವರೆಗೆ ಪೂರ್ತಿ ಇಳಿಜಾರೇ. ನಾನೂ ಹಾಗೆಯೇ ಇಳಿಯುತ್ತಿದ್ದೆ, ಪೆಟ್ರೋಲು ಉಳಿಸಲಿಕ್ಕಲ್ಲ. ಗಾಡಿ ಮಂಜಿನಲ್ಲಿ ಬೆಕ್ಕಿನ ಹಾಗೆ ಮನೆಯ ಮುಂದೆ ಜಾರಿಹೋಗುತ್ತಿತ್ತು. ಅಡುಗೆಮನೆಯ ಹೊಗೆ ಕಾಣುತ್ತಿತ್ತು. ಸೇತುವೆ ದಾಟಿದ ಮೇಲೆ ಕಿಕ್ ಹೊಡೆದು ಹೊರಡುತ್ತಿದ್ದೆ. ವಾಪಸ್ ಬರಲು ತೋಟದ ಹಿಂಬದಿಯ ಕಡಿದಾದ ಬಳಸು ದಾರಿ, ಹತ್ತಬಹುದಿತ್ತೇ ಹೊರತು ಅದರಲ್ಲಿ ಇಳಿಯುವ ಹಾಗಿರಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಹೀಗೇ ನಡೆಯಿತು.

ಇಲ್ಲೊಂದು ವಿಷಯ ಹೇಳಬೇಕು. ಮಳೆಗಾಲದಲ್ಲಿ ನಮ್ಮ ಜನ ರಸ್ತೆಯ ಅಂಚಿನಲ್ಲಿ ನಡೆಯುವುದಿಲ್ಲ. ಅಂಚಿನ ಹುಲ್ಲಿಗೆ ಕಾಲಿಟ್ಟರೆ ಇಂಬಳ ಹತ್ತಿ ರಕ್ತ ಹೀರುತ್ತವೆ. ಅದಕ್ಕೇ ರಸ್ತೆಯ ನಟ್ಟನಡುವೆ ನಡೆಯುತ್ತಾರೆ. ಗಾಡಿಯ ಸದ್ದು ಕೇಳಿದರೆ ಸರಿಯುತ್ತಾರೆ, ಗಾಡಿ ಹೋದ ಮೇಲೆ ಮತ್ತೆ ನಡುವಿಗೆ ಬರುತ್ತಾರೆ. ಮಂಜಿನಲ್ಲಿ ಕಣ್ಣಿಗೆ ಏನೂ ಕಾಣದ ಆ ತಿಂಗಳುಗಳಲ್ಲಿ ಎಲ್ಲರೂ ಕಿವಿಯನ್ನೇ ನಂಬಿ ನಡೆಯುತ್ತಿದ್ದೆವು. ಇದು ನನಗೆ ಗೊತ್ತಿರದ ಸಂಗತಿಯಲ್ಲ. ನಾನೂ ಹಾಗೇ ನಡೆದು ಬೆಳೆದವನು.

ಆ ದಿನ ಹಿಂದಿನ ಟಯರಿನ ಗಾಳಿ ಇಳಿದಿತ್ತು. ಕೈಪಂಪಿನಿಂದ ಗಾಳಿ ಹೊಡೆದು ಹೊರಡುವಾಗ ಆರೂವರೆ ದಾಟಿತ್ತು. ನನ್ನ ಹೆಂಡತಿ ಎರಡನೇ ತಿರುವಿನ ಡೈರಿಗೆ ಹಾಲು ಹಾಕಲು ಹೋಗುವ ಹೊತ್ತು ಅದು. ನನಗೆ ನೆನಪಿತ್ತು. ನೆನಪಿದ್ದೂ, ಇವತ್ತೊಂದು ದಿನ ಬಿಟ್ಟರಾಯಿತು ಎಂದು ಅನ್ನಿಸಲಿಲ್ಲ. ಸೇತುವೆಯ ಹತ್ತಿರ ತಡವಾಗಬಾರದೆಂದು ಕಾಕ್ ತೆರೆದಿಟ್ಟು, ಎಂಜಿನ್ ಆರಿಸಿಯೇ ಗಾಡಿ ಬಿಟ್ಟೆ. ಮಂಜು ಎಷ್ಟಿತ್ತೆಂದರೆ ಹೆಡ್‌ಲೈಟಿನ ಗಾಜೇ ಮಸುಕಾಗಿ ಕಾಣುತ್ತಿತ್ತು. ಡೈರಿ ದಾಟಿದೆ, ಒಳಗೆ ಕ್ಯಾನುಗಳ ಸದ್ದು ಕೇಳಿಸಿತು. ಅವಳು ಹಾಲು ಹಾಕಿ ಹೋಗಿರಬೇಕು, ಇಲ್ಲವೇ ಇನ್ನೂ ಹೊರಟಿರಲಿಕ್ಕಿಲ್ಲ ಅಂದುಕೊಂಡೆ. ಹಾರನ್ ಹೊಡೆಯಬಹುದಿತ್ತು. ಹೊಡೆದರೆ ಗುಟ್ಟು ರಟ್ಟಾಗುತ್ತದೆ.

ಮೂರನೇ ತಿರುವಿನಲ್ಲಿ, ರಸ್ತೆಯ ನಟ್ಟನಡುವೆ, ಮಳೆಗೆ ತಲೆಗೆ ಹಾಕಿಕೊಳ್ಳುವ ಒಂದು ಗೋಣಿ ಕೊಪ್ಪೆ ಕಂಡಿತು. ಅದರ ಕೆಳಗೆ ಹಾಲಿನ ಕ್ಯಾನು. ಬ್ರೇಕು ಒತ್ತಿದೆ. ಗಾಡಿ ಅಡ್ಡವಾಗಿ ಜಾರಿ ಅವಳ ಕಾಲಿಗೆ ಬಡಿಯಿತು.

ಮುಂದಿನ ಒಂದು ನಿಮಿಷವನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನಾನು ಎದ್ದೆ. ಅವಳು ಐದಾರು ಅಡಿ ದೂರದಲ್ಲಿ ಬಿದ್ದಿದ್ದಳು, ಹಾಲು ರಸ್ತೆಯ ಮೇಲೆ ಹರಿದು ಹೋಗುತ್ತಿತ್ತು. ಪಕ್ಕದಲ್ಲಿ ಬೈಕು ಮಲಗಿತ್ತು, ಪೆಟ್ರೋಲಿನ ವಾಸನೆ. ನಾನು ಬೈಕಿನ ಕಡೆಗೆ ಬಗ್ಗಿದೆ. ಎಡಗೈ ಟ್ಯಾಂಕಿನ ಕೆಳಗೆ ಹೋಯಿತು, ಕಾಕ್ ಮುಚ್ಚಿತು. ಆಮೇಲೆ ಅವಳ ಕಡೆ ತಿರುಗಿದೆ. ಕೈ ತಾನಾಗಿ ಹೋಯಿತು ಎಂದು ಹೇಳಬಹುದು, ಅಭ್ಯಾಸಬಲ ಎಂದು ಹೇಳಬಹುದು. ಹೇಳಿಕೊಂಡಿದ್ದೇನೆ ಕೂಡ. ಆದರೂ ಮೊದಲು ಅದು, ಆಮೇಲೆ ಅವಳು. ಆಗ ಅವಳ ಮುಖ ಇನ್ನೊಂದು ಕಡೆಗಿತ್ತು, ನೋಡಲಿಲ್ಲ ಎಂದು ನಂಬಿದೆ.

ಎತ್ತಿ ಕೂರಿಸಿದೆ. ಮೊಣಕಾಲಿನ ಕೆಳಗೆ ಕಾಲು ಇರಬಾರದ ಕಡೆಗೆ ತಿರುಗಿತ್ತು. ಅವಳು ತುಟಿ ಕಚ್ಚಿಕೊಂಡು ನನ್ನನ್ನು ನೋಡಿದಳು.

"ಸದ್ದು ಬಂದಿದ್ರೆ ಸರ್ಕಂತಿದ್ದೆ ಕಣ್ರೀ" ಅಂದಳು.

ತಪ್ಪು ತನ್ನದೇ ಅನ್ನುವಂತೆ ಹೇಳಿದಳು. ಮೇಲೆ ಡೈರಿಯ ಕಡೆಯಿಂದ ಯಾರೋ ಕೂಗುತ್ತಾ ಇಳಿದು ಬರುವುದು ಕೇಳಿಸಿತು.

"ಗಾಡಿ ಗಿಡದೊಳಿಕ್ಕೆ ನೂಕ್ಬುಡಿ. ಜನ ಬತ್ತಾವ್ರೆ" ಅಂದಳು ಅವಳೇ.

ನೂಕಿದೆ. ಆ ಮಾತನ್ನೂ ಪಾಲಿಸಿದೆ! ಕಾಫಿ ಗಿಡಗಳ ನಡುವೆ ಬೈಕನ್ನು ಮಲಗಿಸಿ ಬರುವ ಹೊತ್ತಿಗೆ ಡೈರಿಯವರು ಅವಳ ಸುತ್ತ ಸೇರಿದ್ದರು. ಏನಾಯ್ತಕ್ಕ ಎಂದು ಕೇಳಿದವರಿಗೆಲ್ಲ "ಕಾಲು ಜಾರ್ತು, ಮೋರಿಗೆ ಬಡ್ಕಂಡೆ" ಅಂದಳು. ಸಕಲೇಶಪುರದ ಆಸ್ಪತ್ರೆಯಲ್ಲೂ ಅದೇ, ತವರಿನಿಂದ ನೋಡಲು ಬಂದವರಿಗೂ ಅದೇ. ಎಸ್ಟೇಟಿನ ಜೀಪನ್ನು ಸರಿಯಾದ ಸಮಯಕ್ಕೆ ತರಿಸಿದೆನೆಂದು ಎಲ್ಲರೂ ನನ್ನನ್ನು ಹೊಗಳಿದರು. ನಾನು ತಲೆಯಾಡಿಸಿದೆ. ಮನುಷ್ಯ ಎಷ್ಟು ನಾಚಿಕೆಗೆಟ್ಟು ತಲೆಯಾಡಿಸಬಲ್ಲ ಅನ್ನುವುದು ಆಗ ಗೊತ್ತಾಯಿತು.

ಕಾಲಿಗೆ ರಾಡು ಹಾಕಿದರು. ತಿಂಗಳುಗಟ್ಟಲೆ ಹಾಸಿಗೆ. ನಾನು ರೊಟ್ಟಿ ತಟ್ಟುವುದನ್ನು ಕಲಿತೆ, ಮಗಳಿಗೆ ಜಡೆ ಹಾಕುವುದನ್ನು ಕಲಿತೆ. ಎರಡೂ ಸೊಟ್ಟ. ಅವಳು ನನ್ನ ಮೇಲೆ ಒಂದು ಸಲವೂ ರೇಗಲಿಲ್ಲ, ಅದನ್ನೇ ನನ್ನಿಂದ ತಡೆಯಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಅವಳನ್ನೇ ನೋಡುತ್ತಾ ಹೆಂಡತಿ ಹೇಳಿದಳು:

"ನನ್ಮೇಲೆ ಬಂತು. ಮಗಿನ್ ಮೇಲೆ ಬರ್ನಿಲ್ವಲ್ಲ, ಅಷ್ಟು ಸಾಕು."

ನಾನು ಗಂಜಿ ಲೋಟವನ್ನು ಕೆಳಗಿಟ್ಟೆ. ಅವಳ ಲೆಕ್ಕದಲ್ಲಿ ಆ ಬೆಳಿಗ್ಗೆ ನಡೆದದ್ದು ಅಪಘಾತವಾಗಿರಲಿಲ್ಲ. ತಪ್ಪಿದ ಆಣೆ ಎಲ್ಲೋ ಸುತ್ತಾಡುತ್ತಿತ್ತು, ಮಗುವಿನ ತಲೆ ಹುಡುಕಿಕೊಂಡು. ಅದು ದಾರಿಯಲ್ಲಿ ತನಗೆ ಸಿಕ್ಕಿತು ಅಂದುಕೊಂಡಿದ್ದಳು.

"ನಿಂಗೆ ಗೊತ್ತಿತ್ತಾ?" ಅಂದೆ.

"ಗಾಳಿ ಇತ್ಲಾಗೆ ಬೀಸ್ದಾಗ ಸೇತುವೆ ಆಚೆ ಸದ್ದು ಕೇಳ್ತಿತ್ತು. ಆ ಸದ್ದು ನಂಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಕೇಳ್ನಿಲ್ಲ?"

"ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ರಿ. ಅದೂ ಮಗಿನ ತಲೆ ಮುಟ್ಟಿ."

ಎರಡು ವರ್ಷ ಅವಳು ಬೆಳಗಾಗುವ ಮುಂಚೆ ಎದ್ದು ಒಲೆಯ ಮುಂದೆ ಕೂತು ಕಾದಿದ್ದಳು. ಸೇತುವೆಯಾಚೆ ಸದ್ದು ಹುಟ್ಟಿ, ದೂರವಾಗಿ, ಗುಡ್ಡದ ಹಿಂದೆ ಮಾಯವಾದ ಮೇಲೆ, ಹಾಜರಿ ಮುಗಿಸಿ ನಾನು ತಿಂಡಿಗೆ ಇಳಿಯುವ ಮೊಪೆಡ್ಡಿನ ಸದ್ದು ಬರುವವರೆಗೆ ಅವಳಿಗೆ ನಾನು ಬದುಕಿದ್ದೇನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮೊದಲಾದರೆ ಐದು ತಿರುವಿನ ಭಯ. ನಾನು ಅದನ್ನು ಇಡೀ ಬೆಳಗಿನ ಭಯ ಮಾಡಿಟ್ಟಿದ್ದೆ. ನನಗೆ ಅಳು ಬಂತು. ಅವಳ ಮುಂದೆಯೇ ಅತ್ತೆ, ಅವಳು ಸಮಾಧಾನ ಮಾಡಲಿಲ್ಲ.

ಮಳೆ ಮುಗಿದು ಅವಳು ಕೋಲು ಹಿಡಿದು ಜಗಲಿಯವರೆಗೆ ಓಡಾಡುವಂತಾದಾಗ, ಮೆಕ್ಯಾನಿಕ್ಕಿಗೆ ಹೇಳಿಕಳಿಸಿದೆ, ಗಾಡಿ ತೆಗೆದುಕೊಂಡು ಹೋಗು, ಯಾರಿಗಾದರೂ ಕೊಡು ಎಂದು. ಇಂಥ ಗಾಡಿಗೆ ಆಗ ಬೆಂಗಳೂರಿನಿಂದ ಹುಡುಕಿಕೊಂಡು ಬರುವವರಿದ್ದರು. ಅವತ್ತು ಸಂಜೆ ಹೆಂಡತಿಗೂ ತಿಳಿಸಿದೆ. ಹೊಗಳಿಕೆ ನಿರೀಕ್ಷಿಸಿದ್ದೆನೋ ಏನೋ.

ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆಯೆತ್ತಲಿಲ್ಲ. "ಕೊಡ್ಬೇಡಿ" ಅಂದಳು. "ಅದನ್ನ ಬುಟ್ರೆ ನೀವು ಇನ್ನೇನಾದ್ರೂ ಬಚ್ಚಿಡ್ತೀರಿ. ಮನೆಗೆ ತನ್ನಿ."

"ಮನೆಗೆ ತರಲ್ಲ ಅಂತ ಆಣೆ ಮಾಡಿದ್ನಲ್ಲ."

"ಅದು ನನ್ನ ಕಾಲ್ಗೆ ತೀರ್ತು" ಅಂದಳು. "ಸದ್ದು ಮಾಡ್ಕಂಡು ಬನ್ನಿ, ಅಷ್ಟೇಯ. ಎಲ್ಲಿದ್ದೀರಿ ಅಂತ ನಂಗೊತ್ತಾಗ್ಬೇಕು."

ಮೆಕ್ಯಾನಿಕ್ಕಿಗೆ ಬರಬೇಡ ಎಂದು ಹೇಳಿದೆ. ಗಿಡಗಳ ನಡುವಿನಿಂದ ಒಂದು ರಾತ್ರಿ ತಂದು ಸ್ಟೋರಿನಲ್ಲಿಟ್ಟಿದ್ದ ಗಾಡಿಯನ್ನು ಆ ಭಾನುವಾರ ಮಧ್ಯಾಹ್ನ ಹೊರಗೆ ತೆಗೆದೆ. ಹ್ಯಾಂಡಲ್ಲಿನ ಸಂದಿಯಲ್ಲಿ ಕಾಫಿಯ ಒಣ ಎಲೆ ಇನ್ನೂ ಸಿಕ್ಕಿಕೊಂಡಿತ್ತು. ನಾಲ್ಕೈದು ಒದೆತಕ್ಕೆ ಎದ್ದಿತು. ಗೇಟು ದಾಟಿ, ಪ್ರತಿ ತಿರುವಿಗೂ ಹಾರನ್ ಹೊಡೆಯುತ್ತಾ, ಮೊದಲನೇ ಗೇರಿನಲ್ಲೇ ಅರಚಿಸುತ್ತಾ ಇಳಿದೆ. ಡೈರಿಯ ಮುಂದೆ ಕೂತಿದ್ದವರು ಎದ್ದು ನಿಂತು ನೋಡಿದರು. ಅಷ್ಟು ನಿಧಾನವಾಗಿ ಆ ಗಾಡಿಯನ್ನು ನಾನು ಎಂದೂ ಓಡಿಸಿರಲಿಲ್ಲ, ಅಷ್ಟು ಭಯಪಟ್ಟೂ ಇರಲಿಲ್ಲ.

ಅವಳು ಜಗಲಿಯ ಅಂಚಿನಲ್ಲಿ ಕೂತಿದ್ದಳು. ಕಾಲನ್ನು ಚಾಚಿಕೊಂಡಿರಬೇಕು, ವೈದ್ಯರು ಮಡಿಸಬೇಡ ಎಂದಿದ್ದರು. ನಾನು ಅಂಗಳಕ್ಕೆ ತಿರುಗಿದಾಗ ಅವಳು ಆ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗೆ ಎಳೆದುಕೊಳ್ಳುತ್ತಿದ್ದಳು. ಜಗಲಿಗೂ ನನಗೂ ಇಪ್ಪತ್ತು ಅಡಿ ಅಂತರವಿತ್ತು.

ಅದನ್ನು ನೋಡಿದ ಮೇಲೆ ನನಗೆ ಬೇರೇನೂ ಬೇಡವಾಯಿತು. ಬೀಗದ ಕೈ ತಿರುಗಿಸಿ, ಗಾಡಿಯನ್ನು ಸ್ಟ್ಯಾಂಡಿಗೆ ಎಸೆದ ಹಾಗೆ ಬಿಟ್ಟು, ನೇರವಾಗಿ ಅವಳ ಕಡೆಗೆ ನಡೆದೆ. ಎಡಗೈಯನ್ನು ಬೇಕೆಂದೇ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ.

ಅವಳು ನನ್ನನ್ನಲ್ಲ, ನನ್ನ ಹಿಂದಿದ್ದ ಗಾಡಿಯನ್ನು ನೋಡಿದಳು. ತೊಟ್ಟಿಕ್ಕುತ್ತಿದ್ದ ಪೆಟ್ರೋಲನ್ನು ನೋಡಿದಳು.

"ಕಾಕ್ ಮುಚ್ಬುಟ್ಟು ಬನ್ನಿ" ಅಂದಳು. "ಅವತ್ತೂ ಮುಚ್ಚೋಗಂಟ ಕಾದಿದ್ನಲ್ಲ, ಈಗೇನು."